ಗೀಟು

ಬೆಳಗ್ಗೆ ಪಾರೆಯ ಕಲ್ಲುಗೋರಿ ಅಳೆದಿದ್ದೆ.
ಸತ್ತವರ ಅಳತೆ ಸಲೀಸು:
ಪ್ರಶ್ನೆಯ ನಡುವೆ ಎದ್ದುಹೋಗುವುದಿಲ್ಲ.

ತಿತಿಮತಿಯ ಹಾಡಿಯಲ್ಲಿ ಬೊಮ್ಮಿ
ಜೇನುಹುಟ್ಟು ಹಿಂಡುತ್ತಿದ್ದಳು.
ಅವಳ ನುಡಿಯಲ್ಲಿ ಜೇನಿಗೆ ಎಷ್ಟು ಹೆಸರು!
ಬರೆದುಕೊಂಡೆ.
ಹಳೇ ಸಾಹೇಬರಂತೆ ತಲೆಬುರುಡೆಗೆ ಕೈಹಾಕಲಿಲ್ಲ,
ವಂಶದ ನಕ್ಷೆ ಬಿಡಿಸಿದೆ, ಅಷ್ಟೆ.
ಗಂಡು ತ್ರಿಕೋನ, ಹೆಣ್ಣು ಸೊನ್ನೆ.

"ನನ್ನ ಗಂಡನ ಮೇಲೆ ಇದೇನು ಗೀಟು?"
"ತೀರಿಕೊಂಡವರಿಗೆ ಹಾಗೆ."
"ತೀರಿದ್ದೆಲ್ಲಿ? ನಿನ್ನೆ ಮರ ತೋರಿಸಿದ್ದು ಅವನೇ.
ಅದಿರಲಿ, ನೀನು ಯಾರ ಪೈಕಿ?
ನಿನ್ನ ಸೊನ್ನೆ ಎಲ್ಲಿ?"

ಹೆಬ್ಬೆರಳಲ್ಲಿ ಗೀಟು ಒರೆಸಿದಳು. ಹೋಗಲಿಲ್ಲ.
ಜೇನಿಗೆ ಆ ಪುಟ
ಕಲ್ಲಿನ ಅಳತೆಯ ಪುಟಕ್ಕೆ ಅಂಟಿತು.

ಮಾನವಶಾಸ್ತ್ರ ವಿಭಾಗ ವರದಿ ಕೇಳುತ್ತಿದೆ.
ಇನ್ನೂ ಬಿಡಿಸಿಲ್ಲ.