ಎರಡು ಮೀಟರ್ ಕೆಸರು

ಅಘನಾಶಿನಿಯಲ್ಲಿ ಇವತ್ತು ನೀರು ಪೂರ್ತಿ ಇಳಿಯುವುದು
ಹತ್ತು ಇಪ್ಪತ್ತಕ್ಕೆ.
ಜಟ್ಟಿ ಅಂಬಿಗರ ಪಾತಿದೋಣಿಯಲ್ಲಿ
ಒಂದು ಪಿವಿಸಿ ಪೈಪು, ಮರದ ಕೊಡತಿ,
ಐಸ್‌ಕ್ರೀಮ್ ಡಬ್ಬಿಯಲ್ಲಿ ಚೀಟಿ, ಮಾರ್ಕರ್ ಪೆನ್ನು,
ಮತ್ತೆ ನಾನು: ಯೋಜನಾ ಸಹಾಯಕಿ, ತಾತ್ಕಾಲಿಕ,
ಮಾರ್ಚ್ ಮೂವತ್ತೊಂದರವರೆಗೆ.

"ಮಣ್ಣು ಓದೂಕೆ ಸಂಬ್ಳ ಕೊಡ್ತ್ರ?"
ಪ್ರತಿ ಸಲ ಕೇಳುತ್ತಾರೆ ಜಟ್ಟಿ.
ಕೊಡ್ತಾರೆ ಅನ್ನುತ್ತೇನೆ.
ನವೆಂಬರಿನದು ಇನ್ನೂ ಬಂದಿಲ್ಲ ಅನ್ನುವುದಿಲ್ಲ.

ಮಂಡಿಯವರೆಗೆ ಹೂತ ಕಾಲು.
ಆಚೆ ಬಳಚು ಹೆಕ್ಕುವ ಹೆಂಗಸರು
ಬಗ್ಗಿದವರು ಬಗ್ಗಿದಂತೆಯೇ ತಿರುಗಿ ನೋಡಿದರು.
ಅವರಲ್ಲೊಬ್ಬಳು ನನ್ನ ಸೋದರತ್ತೆ, ಮಂಕಾಳಿ.
ಯಾವ ಕೆಸರಲ್ಲಿ ಜೀವ, ಯಾವುದರಲ್ಲಿ ಬರೀ ಚಿಪ್ಪು,
ಅವಳ ಹಿಮ್ಮಡಿಗೆ ಗೊತ್ತು.
ಅಷ್ಟನ್ನು ಕಲಿಯಲು ನಾನು ಕಾರವಾರದಲ್ಲಿ
ಎರಡು ವರ್ಷ ಜರಡಿ ಅಲ್ಲಾಡಿಸಿದೆ,
ಅರವತ್ತಮೂರು ಮೈಕ್ರಾನಿನದು.
ಮೇಲೆ ಉಳಿದರೆ ಮರಳು.
ಕೆಳಗೆ ಜಾರಿದ್ದಕ್ಕೆ ಇನ್ನೊಂದು ಪರೀಕ್ಷೆ.

ಕೊಡತಿ ಏಟಿಗೆ ಪೈಪು ಇಳಿಯಿತು, ಸುಲಭಕ್ಕೆ,
ಆಮೇಲೆ ಎಲ್ಲೋ ತಡೆದು, ಮತ್ತೆ ಇಳಿಯಿತು.
ಮುಚ್ಚಳ ಬಿಗಿದು ಮೂವರು ಜಗ್ಗಿದೆವು.
ಹಲ್ಲು ಕಿತ್ತ ಸದ್ದು.
ಎರಡು ಮೀಟರ್ ಕೆಸರು ದೋಣಿಯಲ್ಲಿ ಮಲಗಿತು,
ಕೂಸಿನ ಹಾಗಲ್ಲ, ಹಾವಿನ ಹಾಗೂ ಅಲ್ಲ,
ಪೈಪಿನ ಹಾಗೆ.

ಅದನ್ನು ಸೀಳಿದ್ದು ಗಾಳದ ದಾರದಿಂದ;
ಸರಿಯಾದ ತಂತಿ ಬೇಕೆಂದರೆ ಮೂರು ಕೊಟೇಶನ್ ಬೇಕು.
ಒಂದು ಮೀಟರ್ ಹದಿನಾಲ್ಕು ಸೆಂಟಿಮೀಟರಿನಲ್ಲಿ,
ಕಪ್ಪು ಕೆಸರಿನ ನಡುವೆ, ಬಿಳಿಮರಳಿನ ಗೆರೆ.
ಕಿರುಬೆರಳಷ್ಟು ದಪ್ಪ. ಒಡೆದ ಚಿಪ್ಪು.
ಪೈಪು ತಡೆದದ್ದು ಇಲ್ಲೇ.
ಕಡಲು ಒಂದು ದಿನ ಇಷ್ಟು ಒಳಗೆ ಬಂದು ಹೋಗಿದೆ.
ಯಾರ ಕಾಲ?
ಆ ಬೆಳಿಗ್ಗೆ ಬಳಚಿಗೆ ಇಳಿದವರು ದಡ ಮುಟ್ಟಿದರೇ?

ಪೆಡ್ನೇಕರ್ ಮೇಡಂ ಕನ್ನಡಕ ಹಣೆಗೇರಿಸಿ ಹೇಳಿದರು:
"ಬಿರುಗಾಳಿ ಅಂತ ಬರೀಬೇಡ. ಮರಳು ಅಂತ ಬರಿ.
ಉಳಿದದ್ದು ವಯಸ್ಸು ತಿಳಿದ ಮೇಲೆ."
ವಯಸ್ಸು ತಿಳಿಯಲು ಒಂದು ಚಿಪ್ಪು ದೂರದೂರಿಗೆ ಹೋಗಬೇಕು.
ಅಲ್ಲಿ ಎಂಟು ತಿಂಗಳ ಸರತಿ.
ನನ್ನ ಆದೇಶಪತ್ರದಲ್ಲಿ ಉಳಿದಿರುವುದು ಹನ್ನೊಂದು ವಾರ.

ಹುಬ್ಬಳ್ಳಿಯ ಪರೀಕ್ಷಾ ಕೇಂದ್ರದಲ್ಲಿ
ಎಂಎಸ್ಸಿ ಆದವಳಿಗೂ ಹೆಬ್ಬೆಟ್ಟು ಒತ್ತಿ ಎಂದರು.
ಒತ್ತಿದೆ. ಮತ್ತೆ ಪ್ರಯತ್ನಿಸಿ ಎಂದಿತು ಯಂತ್ರ.
ಚಿಪ್ಪಿನಂಚು, ಆಸಿಡ್ಡು, ಜರಡಿ ಸೇರಿ ಗೆರೆಗಳನ್ನು ತಿಂದಿದ್ದವು.
ನಾಲ್ಕನೆಯ ಸಲಕ್ಕೆ ಎಡಗೈ ನನ್ನನ್ನು ನಾನೆಂದು ಒಪ್ಪಿಸಿತು.
ಒಳಗೆ ನಲವತ್ತೊಂದನೆಯ ಪ್ರಶ್ನೆ:
ಎರಡು ಸ್ತರಗಳ ನಡುವೆ ಕಾಣೆಯಾದ ಕಾಲಕ್ಕೆ ಏನೆನ್ನುತ್ತಾರೆ?

ಹೋದ ವರ್ಷ ಸಂದರ್ಶನದಲ್ಲೂ ಅದನ್ನೇ ಕೇಳಿದ್ದರು,
ಬೇರೆ ಮಾತಲ್ಲಿ:
"ಡಿಗ್ರಿ ಆದ್ಮೇಲೆ ಎರಡು ವರ್ಷ ಖಾಲಿ ಇದೆಯಲ್ಲಮ್ಮ?"
ಆ ಎರಡು ವರ್ಷ ತದಡಿಯಲ್ಲಿ
ಐಸ್ ಕಾರ್ಖಾನೆಯ ಲೆಕ್ಕ ಬರೆದೆ, ತಮ್ಮನ ಫೀಸು ಕಟ್ಟಿದೆ.
ಬಂಡೆಯಲ್ಲಿ ಅಂಥ ಖಾಲಿ ಕಂಡರೆ
ಇದೇ ಮಹನೀಯರು ಜೀಪು ನಿಲ್ಲಿಸಿ, ಪಕ್ಕದಲ್ಲಿ ಸುತ್ತಿಗೆ ಇಟ್ಟು
(ಅಳತೆಗೆಂದು)
ಫೋಟೋ ತೆಗೆಯುತ್ತಾರೆ.
ಹೇಳಲಿಲ್ಲ. ನೀರು ಕುಡಿದೆ.

ನಿನ್ನೆ ಇನ್ನೊಂದು ಪೈಪಿಗೆಂದು ಹೋದಾಗ
ಜಟ್ಟಿ ಕೇಳಿದರು, ಮಣ್ಣು ಎಂತ ಹೇಳ್ತು?
ಒಮ್ಮೆ ಮರಳು ಬಂದಿತ್ತಂತೆ, ಅಂದೆ.
ಹುಟ್ಟು ಹಾಕುತ್ತಾ ಸ್ವಲ್ಪ ದೂರ ಸುಮ್ಮನಿದ್ದರು.
"ನನ್ನ ಅಜ್ಜಿಯ ಅಜ್ಜಿ ತೆಂಗಿನಮರ ಹತ್ತಿ ಉಳ್ದಿತ್ತು ಅಂಬ್ರು.
ಅದೇ ಹೌದ ಅಲ್ದ, ವರ್ಸ ತಿಳಿದ್ರೆ ಒಂದ್ ಫೋನ್ ಮಾಡೇ."

ತಂಪುಕೋಣೆಯಲ್ಲಿ, ನಾಲ್ಕು ಡಿಗ್ರಿಯಲ್ಲಿ,
ಚೀಟಿಯ ಸಂಗ್ರಹಿಸಿದವರು ಎಂಬ ಜಾಗದಲ್ಲಿ
ಒಂದೇ ಹೆಸರು ಹಿಡಿಯುತ್ತದೆ.
ನನ್ನದನ್ನು ಚಿಕ್ಕದಾಗಿ ಬರೆದು ಅವರದನ್ನೂ ತುರುಕಿದೆ.
ಅವರ ಫೋನ್ ನಂಬರನ್ನು
ಮುಚ್ಚಳದ ಒಳಬದಿಗೆ ಅಳಿಸದ ಶಾಯಿಯಲ್ಲಿ ಬರೆದಿಟ್ಟೆ,
ತೆರೆಯುವವರು ಯಾರೇ ಆಗಿರಲಿ.