ಪುದುವಟ್ಟು

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ
ಸೈಕಲ್ ಶಾಪಿನ ಪಕ್ಕ ಹತ್ತಿದರೆ
ಮರದ ಮೆಟ್ಟಿಲು ಹದಿಮೂರು.
ಹನ್ನೊಂದನೆಯದು ಕಿರುಗುಟ್ಟುತ್ತದೆ.
ಕೇಳಲು ಬಂದವರು ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ,
ಮೇಲೆ ಲೆಡ್ಜರ್ ಹಿಡಿದು ಕೂತ ನನಗೆ
ಆ ಸದ್ದಿನಲ್ಲೇ ಗೊತ್ತಾಗುತ್ತದೆ
ಮೊದಲ ಸಲವೋ, ಕಂತು ಕಟ್ಟಲೋ ಎಂದು.

ಕಂಪೌಂಡರ್ ಹುಚ್ಚರಾಯಪ್ಪ ಬಿಟ್ಟುಹೋದದ್ದು
ಒಂದು ಸೈಟು, ಎಂಬತ್ತನಾಲ್ಕು ಸಾವಿರ ರೂಪಾಯಿ,
ಒಂದೇ ಪುಟದ ಉಯಿಲು:
ಬಡ್ಡಿ ಬೇಡ. ಜಾಮೀನು ಬೇಡ.
ಕೊಡುವಾಗ ಫೋಟೋ ಬೇಡವೇ ಬೇಡ.
ಕಾಯಿಲೆಯವರ ಮನೆಗೆ ಕರೆಯದೆಯೂ ಹೋಗಿ,
ಸಾಲಗಾರರ ಮನೆಗೆ ಕರೆದರೂ ಹೋಗಬೇಡಿ.

ನಲವತ್ತು ವರ್ಷ ಮಿಕ್ಸ್ಚರ್ ಬೆರೆಸಿದ ಮನುಷ್ಯ.
ಗುಲಾಬಿ ಬಣ್ಣದ ನೀರು, ಬಿರಡೆ ಜಡಿದ ಬಾಟಲಿ,
ಅದರ ಮೈಗೆ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ,
ಹಲ್ಲು ಹಲ್ಲು: ಇಷ್ಟು ಬೆಳಿಗ್ಗೆ, ಇಷ್ಟು ರಾತ್ರಿ.
ಒಂದೇ ಸಲ ಕುಡಿದರೆ ಮದ್ದೂ ವಿಷ ಎನ್ನುತ್ತಿದ್ದನಂತೆ.
ಸಾಲಕ್ಕೂ ಹಾಗೇ ಗೀಟು ಹಾಕಿಟ್ಟು ಹೋದ,
ಸಂತೆಗೊಂದು ಗುಟುಕು.

ಖೈರುನ್ನಿಸಾಳ ಓವರ್‌ಲಾಕ್ ಮಿಷನ್ನು
ಯೂನಿಫಾರಂ ಹೊಲಿಯುತ್ತದೆ, ಎರಡು ಶಾಲೆಗೆ.
ಜೂನಿನಲ್ಲಿ ಮೂರು ಕಂತು ಒಟ್ಟಿಗೆ,
ಮಿಕ್ಕ ತಿಂಗಳು ಬರೀ ಸಲಾಮು.

ತಾಂಡಾದ ಸಕ್ರಿಬಾಯಿ ಮಗಳನ್ನು ಕರೆತಂದಾಗ
ಟ್ರಸ್ಟಿಯೊಬ್ಬರು ಕನ್ನಡಕದ ಮೇಲಿಂದ
‘ಕಸೂತಿಗಾ?’ ಎಂದರು.
‘ವೆಲ್ಡಿಂಗ್‌ಗೆ’ ಎಂದಳು ಹುಡುಗಿ.
ಸ್ವಲ್ಪ ಹೊತ್ತು ಫ್ಯಾನು ಮಾತ್ರ ಮಾತಾಡಿತು.
ಈಗ ಹೊಸ ಬಡಾವಣೆಯ ಅರ್ಧ ಗೇಟು
ಅವಳ ಕಿಡಿಯಲ್ಲಿ ಹುಟ್ಟಿದವು;
ಆ ಟ್ರಸ್ಟಿಯ ಮನೆಯದೂ.
ಚೌಕಾಸಿ ಮಾಡಿದರಂತೆ. ಬಿಡಲಿಲ್ಲವಂತೆ ಅವಳು.

ಎಲ್ಲ ಪುಟವೂ ಹೀಗಿಲ್ಲ.
ಬಸವಣ್ಯಪ್ಪನ ಕಬ್ಬಿನ ಹಾಲಿನ ಗಾಡಿ
ಎರಡು ಬೇಸಿಗೆ ತಿರುಗಿ ನಿಂತಿತು.
ಎದುರಿಗೇ ಇನ್ನೊಬ್ಬ ಕೊಡೆ ಬಿಚ್ಚಿ,
ಶುಂಠಿ ನಿಂಬೆ ಹಿಂಡಿ, ಎರಡು ರೂಪಾಯಿ ಕಡಿಮೆಗೆ ಕೊಟ್ಟ.
ಆ ಗಾಡಿಗೂ ದುಡ್ಡು ಕೊಟ್ಟವರು ನಾವೇ.
ಉಯಿಲನ್ನು ತಿರುತಿರುಗಿ ಓದಿದೆ,
ಇದಕ್ಕೆ ಅದರಲ್ಲಿ ಗೀಟಿಲ್ಲ.
ನನ್ನ ಕಂಡರೆ ಬಸವಣ್ಯಪ್ಪ ರಸ್ತೆ ದಾಟುತ್ತಾನೆ;
ಅವನು ದಾಟುವ ಮೊದಲೇ ನಾನು
ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತೇನೆ.

ಹಳೇ ಲೆಡ್ಜರಿನ ನಲವತ್ತೊಂದನೇ ಪುಟ ನನ್ನದು.
ಟೈಪಿಂಗ್ ಪರೀಕ್ಷೆ ಶುಲ್ಕ. ಅದರ ಕೆಳಗೆ,
ಕಂಪೌಂಡರನ ಓರೆ ಅಕ್ಷರದಲ್ಲಿ:
ಚಪ್ಪಲಿ, ಜೊತೆ ಒಂದು.
ಚಪ್ಪಲಿ ನಾನು ಕೇಳಿರಲಿಲ್ಲ.

ಪುದುವಟ್ಟೆಂದರೆ ಹೆಪ್ಪಿಗೆ ತೆಗೆದಿಟ್ಟ ಮೊಸರು,
ಹಸಿವೆಂದು ಅದನ್ನೂ ಉಂಡರೆ
ನಾಳೆ ಹಾಲು ಹಾಲಾಗಿಯೇ ಒಡೆಯುತ್ತದೆ.
ಇದು ನನ್ನ ಅಜ್ಜಿಯ ಅರ್ಥಶಾಸ್ತ್ರ.
ಆಡಿಟರಿಗೆ ಸಾಲುವುದಿಲ್ಲ.

ಕಳೆದ ದೀಪಾವಳಿಯ ಮರುದಿನ
ಬಾಗಿಲಡಿಯಿಂದ ತೂರಿದ ಒಂದು ಲಕೋಟೆ.
ಇನ್ನೂರು ರೂಪಾಯಿ. ಹೆಸರಿಲ್ಲ.
ಯಾರೂ ಇಲ್ಲದಾಗ ಮೂಸಿ ನೋಡಿದೆ:
ಮಿಷನ್ನಿನ ಎಣ್ಣೆಯೇ? ಸುಟ್ಟ ಕಬ್ಬಿಣವೇ? ಕಬ್ಬೇ?
ನೋಟಿಗೆ ನೋಟಿನದೇ ವಾಸನೆ.
ಅಂದಿನಿಂದ ತಿಂಗಳಿಗೊಂದು ಬರುತ್ತದೆ,
ನಾನು ಒಳಗೆ ಕೂತಿದ್ದಾಗಲೂ.
ಹನ್ನೊಂದನೆಯದನ್ನು ತುಳಿಯದೆ
ಹತ್ತರಿಂದ ಹನ್ನೆರಡಕ್ಕೆ ಕಾಲಿಡಬಲ್ಲ ಯಾರೋ.

ಆಡಿಟರ್ ಆ ಸಾಲಿನ ಎದುರು
ಕೆಂಪು ಪೆನ್ಸಿಲಿನ ಪ್ರಶ್ನೆ ಇಟ್ಟು
‘ಯಾರ ಖಾತೆಗಮ್ಮಾ ಇದು?’ ಎಂದರು.
ಮುಂದಿನ ವರ್ಷ ಹೇಳುತ್ತೇನೆ ಸಾರ್ ಎಂದೆ.

ಮೊನ್ನೆ ಬಡಗಿ ಬಂದಿದ್ದ,
ಮೆಟ್ಟಿಲಿಗೆ ಎರಡು ಮೊಳೆ ಹೊಡೆದರೆ ಸಾಕು ಎಂದ.
ಇರಲಿ ಬಿಡಪ್ಪ ಎಂದು
ಚಹಾ ಕೊಟ್ಟು ಕಳಿಸಿದೆ.