ಸಾಲು ಇನ್ನೂರ ಹದಿನೇಳು

ತಾರಸಿ ಟೈರ್ ಅಂಗಡಿಯ ಪಾಪಣ್ಣನದು.
ನಾಯಂಡಹಳ್ಳಿ, ಬೆಳಗಿನ ಏಳೂ ಇಪ್ಪತ್ತು.
ನೀರಿನ ಟ್ಯಾಂಕಿಗೆ ಕ್ಯಾಮೆರಾ ಬಿಗಿದೆವು
ನಾನು, ತಿಪ್ಪೇಶ, ಎಂ.ಟೆಕ್. ಎರಡನೇ ವರ್ಷದ ನಫೀಸಾ.
ಹಗ್ಗ ಸಾಲದೆ ಅವಳ ದುಪಟ್ಟಾ.
“ಎಣಿಸಿದ್ರೆ ಕಮ್ಮಿ ಆಗ್ತಾವಾ ಗಾಡಿ?” ಅಂದ ಪಾಪಣ್ಣ,
ನಮಗೂ ಸೇರಿಸಿ ನಾಲ್ಕು ಟೀ ತರಿಸಿದ.
ನಾಲ್ಕು ವರ್ಷದಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು
ಯಾವ ಸಮಿತಿಯೂ ನನಗೆ ಕೇಳಿರಲಿಲ್ಲ.

ನಮ್ಮ ಶಾಸ್ತ್ರದಲ್ಲಿ ಎಲ್ಲಕ್ಕೂ ತೂಕವುಂಟು:
ಕಾರು ಒಂದು. ಬೈಕು ಅರ್ಧ. ಬಸ್ಸು ಮೂರು.
ಎತ್ತಿನ ಗಾಡಿ ಎಂಟು,
ಕೈಪಿಡಿಯಲ್ಲಿ ಅದಿನ್ನೂ ಮೆಲುಕು ಹಾಕುತ್ತ ನಿಂತಿದೆ.
ನಡೆಯುವವರಿಗೆ ಬೇರೆ ಹಾಳೆ.
ಅದು ನನ್ನದು.

ಎರಡು ವಾಹನಗಳ ನಡುವಿನ ಖಾಲಿಯನ್ನು
ಲ್ಯಾಬಿನಲ್ಲಿ ಎಲ್ಲರೂ ಗ್ಯಾಪು ಅನ್ನುತ್ತಾರೆ.
ನಾನು ನನ್ನ ನೋಟ್‌ಬುಕ್ಕಿನಲ್ಲಿ ತೆರಪು ಎಂದು ಬರೆದುಕೊಂಡಿದ್ದೇನೆ.
ಮಳೆ ತೆರಪು ಕೊಟ್ಟಿತು ಅನ್ನುತ್ತೇವಲ್ಲ, ಆ ತೆರಪು.
ರಸ್ತೆ ಕೊಡುವುದಿಲ್ಲ. ಕಸಿದುಕೊಳ್ಳಬೇಕು.
ಎಷ್ಟು ಸೆಕೆಂಡಿನದಕ್ಕೆ ಯಾರು ಕಾಲಿಡುತ್ತಾರೆ,
ಯಾವುದನ್ನು ಬೇಡವೆಂದು ಬಿಡುತ್ತಾರೆ,
ಐದು ವರ್ಷದ ಫೆಲೋಶಿಪ್ಪು ಇಷ್ಟಕ್ಕೆ.

ಕಿಟಕಿಗೆ ಕಪ್ಪು ಕಾಗದ.
ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಒಂದೊಂದೇ ಒತ್ತುತ್ತ
ತಿಪ್ಪೇಶ ಕೂಗುತ್ತಾನೆ, ನಫೀಸಾ ತುಂಬುತ್ತಾಳೆ:
ಕಾಲೇಜು ಹುಡುಗ, ಎರಡೂವರೆ ಸೆಕೆಂಡು, ಓಡಿದ.
ಸೊಪ್ಪಿನ ಬುಟ್ಟಿಯಾಕೆ, ಕೈ ಅಡ್ಡ ಹಿಡಿದು ನಡೆದಳು,
ಬಿಎಂಟಿಸಿ ಬಸ್ಸೇ ನಿಂತಿತು;
ಕೈಯೆತ್ತುವುದಕ್ಕೆಂದೇ ಹೊಸ ಕಾಲಂ ಹಾಕಿದೆವು.
ಮೊಬೈಲು ನೋಡುತ್ತ ದಾಟಿದವನ ಮುಂದೆ
ಷರಾದಲ್ಲಿ ತಿಪ್ಪೇಶ ‘ಪುಣ್ಯ’ ಎಂದು ಬರೆಸಿದ.
ಅಳಿಸಲು ಹೇಳಿದೆ. ಅಳಿಸಿಲ್ಲ.

ಸಾಲು ಇನ್ನೂರ ಹದಿನೇಳು.
ಹೆಂಗಸು. ನೀಲಿ ಏಪ್ರನ್ನು, ಗಾರ್ಮೆಂಟ್ಸಿನದು.
ಕೈಯಲ್ಲಿ ಸ್ಟೀಲ್ ಡಬ್ಬಿ. ಬಂದದ್ದು ಎಂಟೂ ಹನ್ನೆರಡಕ್ಕೆ.
ಮೂರು ಸೆಕೆಂಡಿನ ತೆರಪು, ಬೇಡ.
ನಾಲ್ಕರದು, ಬೇಡ.
ಆರೂವರೆಯದು ಬಂತು,
ಇಡೀ ನಾಯಂಡಹಳ್ಳಿ ಅದರಲ್ಲಿ ದಾಟಿತು,
ಅವಳು ಒಂದು ಕಾಲು ಇಳಿಸಿ ಮತ್ತೆ ಮೇಲಿಟ್ಟಳು.
ನಾಲ್ಕು ನಿಮಿಷ ಐವತ್ತು ಸೆಕೆಂಡು.
ನಲವತ್ತೊಂದು ಬೇಡಗಳು.
ಆಮೇಲೆ ತಿರುಗಿ
ಬಂದ ದಾರಿಯಲ್ಲೇ ಚೌಕಟ್ಟಿನಾಚೆ ಹೋದಳು.

ತೆಗೆದುಬಿಡಿ, ಅಂದರು ಸಾರ್.
ದಾಟದವರು ದಾಟುವ ಮಾದರಿಯಲ್ಲಿ ಕೂರುವುದಿಲ್ಲ.
ಒಳ್ಳೆಯವರು, ನನ್ನ ಹಾಸ್ಟೆಲ್ ಬಾಕಿಯನ್ನು ಎರಡು ಸಲ ಕಟ್ಟಿದವರು.
ತೆಗೆದರೆ ವಕ್ರರೇಖೆ ಎಷ್ಟು ಚೆಂದ ಬಾಗುತ್ತದೆಂದು
ನಾನೂ ನೋಡಿದ್ದೇನೆ, ರಾತ್ರಿ, ಕದ್ದು.

ಮರುವಾರ ಒಬ್ಬಳೇ ಹೋಗಿ ಅವಳು ನಿಂತಲ್ಲಿ ನಿಂತೆ.
ತಾರಸಿಯಿಂದ ಕಂಡಿರಲಿಲ್ಲ:
ಅಂಚಿನ ಕಲ್ಲು ಮೊಣಕಾಲೆತ್ತರ.
ಬಲಕ್ಕೆ ಟ್ರಾನ್ಸ್‌ಫಾರ್ಮರ್ ಕಟ್ಟೆ, ಅದರ ಮರೆಯಿಂದ
ಬೈಕುಗಳು ಮೊದಲು ಸದ್ದಾಗಿ, ಆಮೇಲೆ ಬೈಕಾಗಿ ಬರುತ್ತವೆ.
ನನ್ನ ಸೂತ್ರದ ಪ್ರಕಾರ
ನಾನು ಐದು ಸೆಕೆಂಡಿಗೆ ದಾಟುವ ಹೆಂಗಸು.
ಐದು ಬಂತು. ಹೋಯಿತು. ಏಳೂ ಹೋಯಿತು.
“ಮೇಡಂ, ಲೆಕ್ಕ ಬಿಟ್ಟು ಕೈ ಎತ್ತಿ!”
ಪಾಪಣ್ಣ ಅಂಗಡಿಯಿಂದಲೇ ಕೂಗಿದ.

ಅವನೇ ಹೇಳಿದ್ದು: ಎಂಟೂ ಇಪ್ಪತ್ತಕ್ಕೆ ಫ್ಯಾಕ್ಟರಿ ಗೇಟು,
ತಪ್ಪಿದರೆ ಅರ್ಧ ದಿನದ ಸಂಬಳ ಖೋತಾ.
ಅಂದರೆ ಅವಳಿಗೆ ಇನ್ನೂ ಮೂರು ನಿಮಿಷ ಇತ್ತು.
ಯಾಕೆ ಹೋದಳೋ
ನನ್ನ ಹತ್ತೊಂಬತ್ತು ಕಾಲಮ್ಮಿಗೂ ಗೊತ್ತಿಲ್ಲ.

“ಅಕ್ಕಾ, ದಾಟಿದ ತೆರಪು ಖಾಲಿ ಇದ್ರೆ
ಪ್ರೋಗ್ರಾಂ ಓಡಲ್ಲ, ಸೊನ್ನೆ ಹಾಕ್ಲಾ?”
ಬೇಡ ನಫೀಸಾ.
ಸೊನ್ನೆ ಅಂದರೆ ತೆರಪೇ ಇಲ್ಲದೆ ನುಗ್ಗಿದಳು ಅಂತ ಅರ್ಥ,
ಗಾಲಿಯ ಕೆಳಗೆ ಅಂತ ಅರ್ಥ.
ಆ ಒಂದು ಮನೆ ಖಾಲಿಯೇ ಇರಲಿ,
ಪ್ರೋಗ್ರಾಂ ಬೇರೆ ಬರೆಯೋಣ.

ತಿಪ್ಪೇಶ ಕೀಲಿ ಒತ್ತಿದ.
ಇನ್ನೂರ ಹದಿನೆಂಟು: ಗಂಡಸು, ಛತ್ರಿ,
ಮೂರು ಸೆಕೆಂಡು.